ಆಣೆ ಇಡದ ಹುಡುಗ

“ದೇವರೇ... ಹೇಗಾದ್ರೂ ಮಾಡಿ ಕಾಪಾಡಪ್ಪಾ!”

ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟಿನೊಳಗೆ ಗುಬ್ಬಿ ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದಳು. ಗುಬ್ಬಿ ಅಂದರೆ ಮನೆಯವರು ಇಟ್ಟ ಅಡ್ಡಹೆಸರು. ಔಷಧಿ ಅಂಗಡಿಯ ಕೆಲಸಕ್ಕೆ ಹೊರಟವಳು ಹೀಗೆ ಸಿಕ್ಕಿಬಿದ್ದಿದ್ದಳು.

ತಲೆಯ ಮೇಲಿಂದ ಗಂಡುದನಿ ಕೇಳಿತು.

“ಬಂದೆ, ಬಂದೆ! ಬಾಗಿಲಿಂದ ಸ್ವಲ್ಪ ದೂರ ನಿಂತ್ಕೊಳ್ಳಿ.”

ಗುಬ್ಬಿ ಬೆಚ್ಚಿ ಕಣ್ಣು ತೆರೆದಳು. “ಯಾ... ಯಾರು?”

“ಲಿಫ್ಟ್ ಮೆಕ್ಯಾನಿಕ್. ನೀವು ಕರೆದ ದೇವರಲ್ಲ ಮೇಡಂ, ವಾಚ್‌ಮನ್ ಕರೆದೋನು!”

ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು.

ಆಮೇಲೆ ಅವನು ಬೆರಳಿನ ಗಾಯಕ್ಕೆ ಪಟ್ಟಿ ಕೇಳಿಕೊಂಡು ಅಂಗಡಿಗೆ ಬಂದ. ಮತ್ತೆ ಬಂದ. ಕೊನೆಗೆ ಏನೂ ಕೇಳದೆಯೇ ಬರತೊಡಗಿದ. ಪ್ರೀತಿ ಆಯಿತು.

ದೇವರನ್ನು ನಂಬುವುದಿಲ್ಲ ಎಂಬುದನ್ನು ಅವನು ಮುಚ್ಚಿಡಲಿಲ್ಲ. ಗುಬ್ಬಿಗೆ ಅದೇ ಸೋಜಿಗ.

“ಮತ್ತೆ ಯಾರಿಗೆ ಹೆದರಿ ಸರಿಯಾಗಿ ಕೆಲಸ ಮಾಡ್ತೀಯಾ? ಆ ಕತ್ತಲಲ್ಲಿ ನಿನ್ನನ್ನ ನೋಡೋರ್ಯಾರು?”

“ಯಾರೂ ಇಲ್ಲ. ಆದ್ರೆ ಲಿಫ್ಟ್ ಒಳಗೆ ಜನ ನಿಂತಿರ್ತಾರಲ್ಲಾ...”

ಅವಳಿಗೆ ಅಷ್ಟು ಸಾಕಾಯಿತು. ಅಪ್ಪನಿಗೆ ಸಾಲಲಿಲ್ಲ.

ಅಪ್ಪ ಕೋರ್ಟಿನಲ್ಲಿ ಸಾಕ್ಷಿಗಳಿಂದ ಪ್ರಮಾಣ ಮಾಡಿಸುವ ಕೆಲಸದಲ್ಲಿದ್ದು ನಿವೃತ್ತಿಯಾಗುತ್ತಿದ್ದರು. “ದೇವರ ಭಯ ಇಲ್ಲದವನ ಮಾತನ್ನ ಯಾವ ಧೈರ್ಯದ ಮೇಲೆ ನಂಬಲಿ? ನಾಳೆ ನಿನ್ನ ಕೈಬಿಟ್ರೆ ಅವನನ್ನ ಕೇಳೋರು ಯಾರು?” ಎಂದು ಖಡಾಖಂಡಿತವಾಗಿ ಬೇಡವೆಂದರು.

ನಿವೃತ್ತಿಯ ಊಟಕ್ಕೆ ನೆಂಟರಿಷ್ಟರೆಲ್ಲ ಮನೆಗೆ ಬರುವ ದಿನ. ಬೆಳಗ್ಗೆ ತಪಾಸಣೆಗೆ ಬಂದ ಅವನು ಲಿಫ್ಟ್ ನಿಲ್ಲಿಸಿ, ಕೆಟ್ಟಿದೆ ಎಂಬ ಬೋರ್ಡು ತೂಗುಹಾಕಿದ. ಅಪ್ಪ ಕೆಂಡವಾದರು.

“ನಿನ್ನೆವರೆಗೆ ಓಡ್ತಿತ್ತಲ್ಲ! ಹುಡುಗಿ ಕೊಡಲ್ಲ ಅಂದಿದ್ದಕ್ಕೆ ಸೇಡಾ?”

“ಉಕ್ಕಿನ ಹಗ್ಗದ ಎಳೆ ಕಿತ್ತಿದೆ ಸರ್. ಇವತ್ತು ಜನ ತುಂಬ್ಕೊಂಡು ಹತ್ತಿದ್ರೆ ಅಪಾಯ.”

“ದೇವರ ಮೇಲೆ ಆಣೆ ಇಟ್ಟು ಹೇಳು!”

ಅವನು ತಡವರಿಸಲಿಲ್ಲ. “ನಾನು ನಂಬದ ದೇವರ ಮೇಲೆ ಆಣೆ ಇಟ್ರೆ ಅದು ನಿಮಗೆ ಮಾಡೋ ಮೋಸ ಸರ್. ಮೇಲೆ ಬನ್ನಿ, ಹಗ್ಗ ತೋರಿಸ್ತೀನಿ.”

ಅಪ್ಪ ಮುಖ ತಿರುಗಿಸಿ ಹೊರಟುಹೋದರು. ಗುಬ್ಬಿಗೆ ಅಳು, ಸಿಟ್ಟು ಒಟ್ಟಿಗೇ ಉಕ್ಕಿತು.

“ಬಾಯಿಮಾತಿಗೆ ಒಂದು ಆಣೆ ಇಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಅಪ್ಪ ಹೇಳಿದ್ದೇ ಸರಿ. ದೇವರಿಲ್ಲ ಅನ್ನೋನಿಗೆ ಹೃದಯಾನೂ ಇರಲ್ಲ!”

ಅವನ ಮುಖ ಬಾಡಿತು. ಸಲಕರಣೆಯ ಚೀಲ ಎತ್ತಿಕೊಂಡು ಕೆಳಗಿಳಿದ.

ನೆಂಟರು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಸೋದರತ್ತೆ ಮಾತ್ರ ಕಾಣಲಿಲ್ಲ. ಮಂಡಿನೋವಿನ ಅವರು ಹೇಗೆ ಹತ್ತಿಯಾರು? ಗುಬ್ಬಿ ಗಾಬರಿಯಿಂದ ಕೆಳಗೆ ಓಡಿದಳು. ಮೆಟ್ಟಿಲ ತಿರುವಿನಲ್ಲೇ ಕಾಲು ನಿಂತುಹೋಯಿತು.

ಅವನು ಅತ್ತೆಯನ್ನು ಬೆನ್ನಮೇಲೆ ಹೊತ್ತು ಹತ್ತುತ್ತಿದ್ದ! ಅಂಗಿ ಬೆವರಿನಲ್ಲಿ ತೊಯ್ದಿತ್ತು.

“ದೇವರನ್ನ ನಂಬಲ್ವಂತೆ ನೀನು?” ಅತ್ತೆ ಬೆನ್ನಮೇಲಿಂದಲೇ ವಿಚಾರಣೆ ನಡೆಸಿದ್ದರು.

“ಇಲ್ಲ ಅಮ್ಮಾ.”

“ಹೋಗ್ಲಿ ಬಿಡು, ನಾನು ನೆನೀತಿರ್ತೀನಿ. ನೀನು ಮೆಟ್ಟಿಲು ನೋಡ್ಕೊಂಡು ಹತ್ತು!”

ಗುಬ್ಬಿಗೆ ನಗು ಬರಲಿಲ್ಲ. ‘ಇವನಿಗಾ ಹೃದಯ ಇಲ್ಲ ಅಂದೆ ನಾನು?’

ಅತ್ತೆಯ ನಂತರ ಇನ್ನೊಬ್ಬ ಅಜ್ಜಿ, ಆಮೇಲೆ ಊರುಗೋಲಿನ ದೊಡ್ಡಪ್ಪ. ಯಾರೂ ಹೇಳಿರಲಿಲ್ಲ. ಲಿಫ್ಟ್ ನಿಲ್ಲಿಸಿದವನು ತಾನು, ಹೊರಬೇಕಾದವನೂ ತಾನೇ ಎಂಬಂತೆ ಹೊತ್ತ.

ಅಪ್ಪ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಕೊನೆಗೆ ತಾವೇ ನೀರು ತಂದುಕೊಟ್ಟರು.

“ಸೇಡಿಟ್ಟುಕೊಂಡೋನು ಹೀಗೆ ಬೆನ್ನು ಕೊಡಲ್ಲ. ನನ್ನೆದುರು ಪ್ರಮಾಣ ಮಾಡಿ ಹಸಿ ಸುಳ್ಳು ಹೇಳಿದೋರನ್ನ ಎಷ್ಟೋ ನೋಡಿದ್ದೀನಿ ಕಣಪ್ಪ. ಸುಳ್ಳು ಆಣೆ ಇಡಲ್ಲ ಅಂತ ನಿಂತೋನು ನೀನೊಬ್ಬನೇ.” ಖಾಲಿ ಲೋಟ ವಾಪಸು ತೆಗೆದುಕೊಂಡರು. “ಆದ್ರೂ ದೇವರಿಲ್ಲ ಅನ್ನೋದು ತಪ್ಪೇ!”

“ಆಗಲಿ ಸರ್.”

“ಸರ್ ಗಿರ್ ಸಾಕು. ಒಳಗೆ ಬಾ, ಊಟ ಮಾಡು.”

ಊಟವಾದ ಮೇಲೆ ಅವನು ಟೆರೇಸಿನ ಮೆಷಿನ್ ರೂಮಿಗೆ ಹೋದ. ಗುಬ್ಬಿ ಹಿಂದೆಯೇ ಹೋದಳು.

“ಬೆಳಗ್ಗೆ ಆಡಬಾರದ ಮಾತು ಆಡಿಬಿಟ್ಟೆ... ಕ್ಷಮಿಸ್ತೀಯಾ?”

“ನೋವಾಯ್ತು,” ಎಂದ ಅವನು ಮೆಲ್ಲಗೆ. “ಸುಳ್ಳು ಯಾಕೆ ಹೇಳ್ಲಿ.”

“ನೀನಂತೂ ಹೇಳಲ್ಲ ಬಿಡು!” ಅವಳು ಕಣ್ಣೊರೆಸಿಕೊಂಡಳು. “ಆದ್ರೆ ಮದ್ವೆ ಆದ್ಮೇಲೂ ನಾನು ಪ್ರಾರ್ಥನೆ ನಿಲ್ಲಿಸಲ್ಲ, ಈಗ್ಲೇ ಹೇಳಿದ್ದೀನಿ.”

“ನಿಲ್ಲಿಸು ಅಂದ್ನಾ ನಾನು? ಬಾ ಇಲ್ಲಿ, ಕಿತ್ತಿರೋ ಎಳೆ ತೋರಿಸ್ತೀನಿ. ನಿಂಗೂ ಅನುಮಾನ ಬೇಡ.”

“ಬೇಡ.”

“ನೋಡದೆ ಹೇಗೆ ನಂಬ್ತೀಯಾ?”

ಗುಬ್ಬಿ ಅವನ ಗ್ರೀಸ್ ಮೆತ್ತಿದ ಕೈಯನ್ನು ಹಿಡಿದುಕೊಂಡಳು.

“ನೋಡದೆ ನಂಬೋದು ನಂಗೆ ಅಭ್ಯಾಸ ಇದೆ ಕಣೋ...”