ತಾತ ಸೋತ ವಾದ

"ನನ್ನ ಮೇಲೆ ಕನಿಕರ ತೋರಿಸೋಕೆ ನೀನ್ಯಾರು?"

ಗ್ರಂಥಾಲಯದ ಬಾಗಿಲಲ್ಲೇ ಅವಳು ಅವನನ್ನು ಅಡ್ಡಗಟ್ಟಿದಳು. ತರಗತಿಯವರು ಅವಳನ್ನು ಮೆಣಸಿನಕಾಯಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಅವನಿಗೆ ತಾತ ಎಂದು ಹೆಸರು. ದಪ್ಪ ಕನ್ನಡಕ, ಅಳೆದು ತೂಗಿ ಆಡುವ ಮಾತು... ಈ ವಯಸ್ಸಿಗೇ ಅಷ್ಟು ನಿಧಾನ!

ಇಬ್ಬರೂ ಕಾನೂನಿನ ಸ್ನಾತಕೋತ್ತರ ವಿದ್ಯಾರ್ಥಿಗಳು. ವಿದೇಶದಲ್ಲಿ ಒಂದು ವರ್ಷ ಓದಿ ಬರುವ ವಿನಿಮಯ ಯೋಜನೆಯಲ್ಲಿ ಅವರ ವಿಭಾಗಕ್ಕಿದ್ದದ್ದು ಒಂದೇ ಸೀಟು. ಕೊನೆಗೆ ಉಳಿದವರು ಇವರಿಬ್ಬರೇ. ಅಣಕು ನ್ಯಾಯಾಲಯದಲ್ಲಿ ಎದುರುಬದುರು ನಿಂತು ವಾದಿಸಬೇಕು, ಗೆದ್ದವರು ಹೋಗಬೇಕು. ಅದು ಅಲ್ಲಿನ ಪದ್ಧತಿ.

ಬೆಳಿಗ್ಗೆ ಅವಳ ವಾದ ಕುಂಟುತ್ತಿತ್ತು. ಇನ್ನೇನು ತಾತ ಗೆದ್ದೇಬಿಟ್ಟ ಎನ್ನುವಾಗ, ಅವನೇ ಎದ್ದು ನ್ಯಾಯಾಧೀಶರ ಕುರ್ಚಿಯಲ್ಲಿದ್ದ ಪ್ರೊಫೆಸರರ ಮುಂದೆ ಹಳೆಯ ತೀರ್ಪೊಂದನ್ನು ಇಟ್ಟ. ಅದು ಅವನ ವಾದಕ್ಕೇ ಕೊಡಲಿ ಪೆಟ್ಟು! ಅವಳ ಕಣ್ಣಿಗೆ ಬೀಳದೇ ಹೋಗಿದ್ದ ತೀರ್ಪು. ಅದನ್ನು ಹಿಡಿದುಕೊಂಡೇ ಅವಳು ಗೆದ್ದಳು.

ಇಷ್ಟು ದಿನ ಗ್ರಂಥಾಲಯದ ಒಂದೇ ಮೇಜಿನಲ್ಲಿ ಎದುರುಬದುರು ಕೂತು ಓದುತ್ತ, ಜಗಳವಾಡುತ್ತ, ಅವಳು ಅವನಿಗೆ ಮನಸ್ಸು ಕೊಟ್ಟುಬಿಟ್ಟಿದ್ದಳು. ಅದಕ್ಕೇ ಇಷ್ಟು ಉರಿ. 'ಅಯ್ಯೋ ಪಾಪ ಅಂತ ಬಿಟ್ಟುಕೊಟ್ಟನಲ್ಲ... ನನ್ನ ಯೋಗ್ಯತೆ ಇಷ್ಟೇ ಅಂದುಕೊಂಡನಾ?'

ಅಕ್ಕನಿಗೆ ಫೋನ್ ಮಾಡಿ ಕೂಗಾಡಿದ್ದಳು. ಸೀಟು ಸಿಕ್ಕಿದ್ದಕ್ಕೆ ಅಳುವವಳನ್ನು ಇವತ್ತೇ ಕಂಡಿದ್ದು ಎಂದು ಅಕ್ಕ ನಕ್ಕಿದ್ದಳು. ಬೆಂಕಿಗೆ ತುಪ್ಪ ಸುರಿದಂತಾಯಿತು.

"ನನಗೆ ಆ ಸೀಟು ಬೇಡ. ಪ್ರೊಫೆಸರ್‌ಗೆ ಹೇಳೋಕೆ ಹೊರಟಿದ್ದೀನಿ. ಭಿಕ್ಷೆ ತಗೊಂಡು ವಿಮಾನ ಹತ್ತೋಳಲ್ಲ ನಾನು."

ತಾತ ಕನ್ನಡಕ ತೆಗೆದ. ಕಣ್ಣುಗಳು ಕೆಂಪಗಿದ್ದವು. ಅವನ ದನಿ ಏರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಭಿಕ್ಷೆನಾ? ನಿನ್ನ ಸೋಲಿಸಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ? ಆ ತೀರ್ಪು ಸಿಕ್ಕಾಗ ಪುಸ್ತಕ ಮುಚ್ಚಿ ದೂರ ತಳ್ಳಿದ್ದೆ. ಆಗಲಿಲ್ಲ ಕಣೇ. ನಮಗೆ ವಿರುದ್ಧವಾದ ತೀರ್ಪು ಗೊತ್ತಿದ್ದೂ ಕೋರ್ಟಿನಿಂದ ಮುಚ್ಚಿಡಬಾರದು. ಎದುರಿಗೆ ಬೇರೆ ಯಾರೇ ಇದ್ದಿದ್ರೂ ಕೊಡ್ತಿದ್ದೆ."

ಪರೀಕ್ಷೆಯಲ್ಲಿ ಇದೇ ನಿಯಮ ಬರೆದು ಅಂಕ ಗಿಟ್ಟಿಸಿದವಳು ಅವಳು. ಅಣಕು ನ್ಯಾಯಾಲಯದಲ್ಲೂ ಅದನ್ನು ಪಾಲಿಸುವವರು ಇರುತ್ತಾರೆ ಎಂದು ಮಾತ್ರ ಹೊಳೆದಿರಲಿಲ್ಲ. ಅವಳಿಗೆ ನಿಜಕ್ಕೂ ಸಿಟ್ಟಿದ್ದದ್ದು ಆ ತೀರ್ಪನ್ನು ಹುಡುಕದೆ ಬಿಟ್ಟ ತನ್ನ ಮೇಲೇ.

"ಅದಕ್ಕೆ ಉತ್ತರಾನೂ ಸಿದ್ಧ ಮಾಡ್ಕೊಂಡು ಬಂದಿದ್ದೆ," ಎಂದ ಅವನು. "ನೀನು ನಿಂತಲ್ಲೇ ಅದನ್ನ ಓದಿ, ನನ್ನ ಉತ್ತರಾನೂ ಚಿಂದಿ ಮಾಡಿದೆ. ಹೊಟ್ಟೆ ಉರೀತಿದೆ ನನಗೆ."

"ಸೀಟು ಹೋಯ್ತು ಅಂತ ಅತ್ತಿದ್ದೀಯಾ?"

"ಸೀಟು ಹೋಗಿದ್ದು ಹೇಗೋ ತಡ್ಕೋಬಹುದು. ಒಂದು ವರ್ಷ ಆ ಮೇಜಿನ ಎದುರು ನೀನು ಇರಲ್ಲ... ಅದು ನನ್ನಿಂದ ಆಗಲ್ಲ."

ಅವಳು ಕಾಯುತ್ತಿದ್ದ ಮಾತು ಅದೇ. ಆದರೂ ಸಿಟ್ಟು ಇಳಿಯಲಿಲ್ಲ!

"ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ತಾತ?"

"ಇಷ್ಟ ಅಂತ ಹೇಳಿದ್ರೆ, ಗೆದ್ದ ಮೇಲೆ 'ಅದಕ್ಕೇ ಬೇಕಂತ ಸೋತೆ' ಅಂತ ನೀನೇ ಅಂತಿದ್ದೆ."

ಅನ್ನುತ್ತಿದ್ದಳು, ಅನುಮಾನವೇ ಇಲ್ಲ. ಅವನು ಹೇಳದಿದ್ದರೂ ಅಂದೇಬಿಟ್ಟಿದ್ದಳಲ್ಲ.

ಅವಳು ಅವನ ಕೈಯಲ್ಲಿದ್ದ ಕನ್ನಡಕ ಕಿತ್ತುಕೊಂಡು, ತನ್ನ ಕಪ್ಪು ಕೋಟಿನ ತೋಳಿನಲ್ಲಿ ಒರೆಸಿ, ಅವನ ಮೂಗಿನ ಮೇಲಿಟ್ಟಳು.

"ಹೋಗ್ತೀನಿ. ಗೆದ್ದಿದ್ದಕ್ಕೇ ಹೋಗ್ತೀನಿ. ವಾಪಸ್ ಬಂದ ದಿನ ಅದೇ ಮೇಜು, ಅದೇ ವಾದ. ಆಗ ಸೋಲಿಸು ನೋಡೋಣ."

"ಆವತ್ತೂ ಸೋತರೆ?"

"ಸೋತರೂ ನಿನ್ನನ್ನೇ ಕಟ್ಕೋತೀನಿ. ಸುಮ್ನಿರು."