ನಿದ್ದೆ ಡಾಕ್ಟರ ಸ್ಮಾರಕ ಉಪನ್ಯಾಸ

ಸಭಾಂಗಣದ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯನ್ನೇ ಅವಳು ಹುಡುಕಿ ಕೂತಿದ್ದಳು. ಅಳು ಬಂದರೆ ಸದ್ದಿಲ್ಲದೆ ಎದ್ದು ಹೋಗಬಹುದಲ್ಲ.

ವೇದಿಕೆಯ ಮೇಲೆ ಅವನ ದೊಡ್ಡ ಫೋಟೋ. ಅರಿವಳಿಕೆ ತಜ್ಞರ ಸಂಘ ಅವನ ಹೆಸರಿನಲ್ಲಿ ಏರ್ಪಡಿಸಿದ್ದ ಮೊದಲ ಸ್ಮಾರಕ ಉಪನ್ಯಾಸ. ಕೊನೆಯಲ್ಲಿ ಒಬ್ಬ ಕಿರಿಯ ವೈದ್ಯೆಗೆ ಪದಕ. ರೋಗಿಗಳಿಗೆಲ್ಲ ಅವನು ‘ನಿದ್ದೆ ಡಾಕ್ಟರು’. ಅವಳಿಗೆ ಏನಾಗಿದ್ದ ಎಂಬುದು ಯಾರಿಗೂ ತಿಳಿಯದು. ಹನ್ನೊಂದು ವರ್ಷ ಅವನ ಜೊತೆ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು, ಅಷ್ಟೆ.

ಮಾಸ್ಕ್ ಹಾಕಿದ ಮೇಲೆ ಕಾಣುವುದು ಕಣ್ಣು ಮಾತ್ರ. ಅವಳು ಸಿರಿಂಜು ಚಾಚಿದರೆ, ಅವನು ಅದರ ಲೇಬಲ್ ಓದುವ ಮೊದಲು ಅವಳ ಕಣ್ಣನ್ನು ಓದುತ್ತಿದ್ದ.

"ಸಿಸ್ಟರ್, ನೀವು ಸರಿಯಾಗಿ ನಿದ್ದೆ ಮಾಡಿಲ್ಲ."

"ಊರಿಗೆಲ್ಲ ನಿದ್ದೆ ಹಂಚೋರು ನೀವು. ನನಗೂ ಒಂದಿಷ್ಟು ಕೊಡಿ."

"ನೀವು ಕಣ್ಣು ಮುಚ್ಚಿದ್ರೆ ನಾನು ಯಾರನ್ನ ನೋಡ್ಲಿ?"

ಎಲ್ಲರ ಹಾಗೆ ಅವನೂ ಸಿಸ್ಟರ್ ಎಂದೇ ಕರೆಯುತ್ತಿದ್ದ. ಮದುವೆಯ ಮಾತೆತ್ತಿದ ದಿನವೂ ಬಾಯಿ ತಪ್ಪಿ ಹಾಗೇ ಅಂದು ನಾಲಿಗೆ ಕಚ್ಚಿಕೊಂಡಿದ್ದ. ಅವಳು ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಅತ್ತಿದ್ದಳು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ನೋಡಿಕೊಳ್ಳಲು ಇವಳೊಬ್ಬಳೇ.

"ಅಮ್ಮನ್ನ ಬಿಟ್ಟು ಬರೋಕಾಗಲ್ಲ."

"ಬಿಡಬೇಡಿ. ನಾನು ಕಾಯ್ತೀನಿ."

ಆರು ವರ್ಷ ಕಾದ, ಯಾರ ಕಿವಿಗೂ ಬೀಳದಂತೆ. ತಾಯಿ ಇನ್ನೂ ಇದ್ದಾಳೆ. ಹೋದವನು ಅವನು.

ಒಂದು ಬೆಳಿಗ್ಗೆ ಅವನ ಎದೆಯೊಳಗಿನ ರಕ್ತನಾಳ ಬಿರಿದು, ಬೇರೆ ಆಸ್ಪತ್ರೆಗೆ ಒಯ್ದರು. ಅವಳು ಯೂನಿಫಾರ್ಮಿನಲ್ಲೇ ಓಡಿದಳು. "ರೋಗಿಗೆ ನೀವು ಏನಾಗ್ಬೇಕು?" ಎಂದು ಬಾಗಿಲಲ್ಲಿ ಕೇಳಿದರು. ಅವಳು ಹಿಂದೆ ಸರಿದಳು. ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಅವನು ಆಪರೇಷನ್ ಟೇಬಲ್ಲಿನಿಂದ ಏಳಲಿಲ್ಲ. ಕೊನೆಗಳಿಗೆಯಲ್ಲಿ ತಾನು ಅವನಿಗೆ ನೆನಪಾದೆನೋ ಇಲ್ಲವೋ ಎಂಬ ಕೊರಗು ವರ್ಷವಿಡೀ ಅವಳನ್ನು ಒಳಗೊಳಗೇ ತಿಂದಿತ್ತು.

ಉಪನ್ಯಾಸಕ್ಕೆ ನಿಂತವನು ಅವನ ಶಿಷ್ಯ. ಆ ದಿನ ಅವನಿಗೆ ಅರಿವಳಿಕೆ ಕೊಟ್ಟವನು.

"ನಿದ್ದೆ ಕೊಡೋ ಮುಂಚೆ ರೋಗಿಯನ್ನ ಒಂದು ಮಾತು ಕೇಳಿ ಅಂತ ಸರ್ ಹೇಳ್ತಿದ್ರು: ಎದ್ದ ತಕ್ಷಣ ಯಾರನ್ನ ನೋಡ್ಬೇಕು? ಅವತ್ತು ನಾನು ಸರ್‌ನೇ ಕೇಳ್ದೆ. ‘ನಮ್ಮ ಸಿಸ್ಟರ್ ಬಂದಿದ್ದಾರಾ?’ ಅಂದ್ರು. ಹೊರಗಿದ್ದ ಅವರ ಅಕ್ಕನ್ನ ಒಳಗೆ ಕರೆಸ್ದೆ. ಒಡಹುಟ್ಟಿದವರ ಪ್ರೀತಿ ಅಂದ್ರೆ ಅದು!"

ಸಭೆ ಚಪ್ಪಾಳೆ ತಟ್ಟಿತು. ಅವಳು ಎದ್ದು ಹೋಗಲು ಕುರ್ಚಿಯ ತುದಿಗೆ ಸರಿದಳು.

ಮೊದಲ ಸಾಲಿನಿಂದ ಅವನ ಅಕ್ಕ, ತಲೆ ನೆರೆತ ಹೆಂಗಸು, ಎದ್ದು ಹಿಂತಿರುಗಿ ಒಂದೊಂದೇ ಮುಖ ಹುಡುಕತೊಡಗಿದಳು. ಕಣ್ಣು ಇವಳ ಮೇಲೆ ನಿಂತಿತು. ನೇರ ಇವಳತ್ತಲೇ ಬರತೊಡಗಿದಳು. ನಾಲ್ಕು ಜನರೆದುರು ಮಾನ ಹೋಗುತ್ತದೆ ಎಂದುಕೊಂಡು ಇವಳು ಎದ್ದು ಬಾಗಿಲು ದಾಟಿದಳು. ಅಕ್ಕ ಹೊರಗೆ ಬಂದು ಕೈ ಹಿಡಿದಳು.

"ಅವತ್ತು ನರ್ಸ್ ಯೂನಿಫಾರ್ಮಲ್ಲಿ ಮೆಟ್ಟಿಲ ಮೇಲೆ ಕೂತು ಅಳ್ತಿದ್ದೋಳು ನೀನೇ ಅಲ್ವಾ?"

ಇವಳು ತಲೆಯಾಡಿಸಿದಳು.

"ಹುಟ್ಟಿದಾಗಿಂದ ಅವನು ನನ್ನನ್ನ ಅಕ್ಕಾ ಅಂತಲೇ ಕರೆದಿದ್ದು. ಒಂದು ದಿನಾನೂ ನನಗೆ ಬಹುವಚನ ಕೊಟ್ಟೋನಲ್ಲ, ಕತ್ತೆ." ಅಕ್ಕ ಹಿಡಿದ ಕೈ ಬಿಡಲಿಲ್ಲ. "ನಾನು ಒಳಗೆ ಹೋದ್ರೆ, ನನ್ನ ಹಿಂದೆ ಇನ್ಯಾರೋ ಬರ್ತಾರೆ ಅನ್ನೋ ಹಾಗೆ ಬಾಗಿಲನ್ನೇ ನೋಡ್ತಿದ್ದ. ಯಾರಿಗಾಗಿ ಅಂತ ನನಗೆ ಈಗ ಗೊತ್ತಾಯ್ತು. ನಿನ್ನ ದಾಟ್ಕೊಂಡೇ ಹೋದೆನಲ್ಲೇ! ಒಂದು ಮಾತು ಕೇಳ್ಬಾರ್ದಿತ್ತಾ ನಾನು?"

"ನಾನೇ ಹೇಳ್ಬೇಕಿತ್ತು."

"ಈಗ ಹೇಳು."

ಒಳಗೆ ಪದಕ ಪಡೆಯುವ ವೈದ್ಯೆಯ ಹೆಸರು ಕೂಗಿದರು.

"ಅವರಂದ್ರೆ ನನಗೆ ಜೀವ ಆಗಿತ್ತು, ಅಕ್ಕ."

ಈ ಮಾತನ್ನು ಅವಳು ಅವನ ಎದುರಿಗೂ ಒಮ್ಮೆಯೂ ಆಡಿರಲಿಲ್ಲ. ಅಕ್ಕ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು. ಒಳಗಿನಿಂದ ಯಾರೋ ಅಕ್ಕನನ್ನು ವೇದಿಕೆಗೆ ಕರೆಯಲು ಬಂದು, ಇಬ್ಬರನ್ನೂ ನೋಡಿ, ಸುಮ್ಮನೆ ಬಾಗಿಲು ಮುಂದಕ್ಕೆಳೆದು ಹೋದರು.