ಹೂವಯ್ಯ ಹಿಡಿದ ಹಗ್ಗ

"ಇವತ್ತು ಇಳಿದ್ರೆ ಆಯ್ತು. ಇಲ್ದಿದ್ರೆ ಮುಂದಿನ ಬೇಸಿಗೆಗೇ," ಎಂದರು ಸೀತಾರಾಮಪ್ಪ.

ಕೊಡಚಾದ್ರಿಯ ನೆತ್ತಿಯ ಮೇಲೆ ಕಪ್ಪು ಮೋಡ ಕೂತಿತ್ತು. ನಿಟ್ಟೂರಿನ ಕಡೆ ಆಗಲೇ ಎರಡು ಮಳೆ ಬಿದ್ದು ಹಳ್ಳಗಳು ಕೆಂಪಗೆ ಹರಿಯತೊಡಗಿದ್ದವು. ಆ ಕೆಂಪು ನೀರು ಅಣೆಕಟ್ಟಿನ ಹಿನ್ನೀರಿಗೆ ಬಂದು ಸೇರಿದರೆ ಮುಗಿಯಿತು. ಕೈ ಚಾಚಿದರೆ ಕೈ ಕಾಣುವುದಿಲ್ಲ, ನೀರೂ ದಿನದಿನಕ್ಕೆ ಏರಿ ಆಳ ಹೆಚ್ಚುತ್ತಾ ಹೋಗುತ್ತದೆ. ಅದು ೧೯೮೪ರ ಮೇ ತಿಂಗಳ ಕೊನೆಯ ವಾರ.

ಹಳೇಮಕ್ಕಿ ಕಡವಿನಿಂದ ಅರ್ಧ ಮೈಲಿ ದೂರದಲ್ಲಿ, ಐವತ್ತು ಅಡಿ ನೀರಿನಡಿ ಒಂದು ಮರದ ಲಾಂಚು ತಲೆಕೆಳಗಾಗಿ ಬಿದ್ದಿತ್ತು. ನಾಲ್ಕು ದಿನದ ಹಿಂದೆ ಗಾಳಿಮಳೆಗೆ ಸಿಕ್ಕಿ ಮಗುಚಿದ ಲಾಂಚು. ಅದನ್ನು ನಡೆಸುತ್ತಿದ್ದ ಜಟ್ಟಿಂಗಪ್ಪ ಹದಿನಾಲ್ಕು ಜನರನ್ನು ಒಬ್ಬೊಬ್ಬರನ್ನಾಗಿ ಹೊರಗೆ ನೂಕಿದ್ದ. ತಾನು ಮಾತ್ರ ಹೊರಗೆ ಬಂದಿರಲಿಲ್ಲ.

ಅವನ ತಾಯಿ ಹುಲಿಯಮ್ಮ ಅಂದಿನಿಂದ ದಡ ಬಿಟ್ಟು ಎದ್ದಿರಲಿಲ್ಲ. ಮಧ್ಯಾಹ್ನವಾದರೆ ಯಾರಾದರೂ ತಂದ ಅನ್ನವನ್ನು ತಾನು ಮುಟ್ಟದೆ ಬಾಳೆಲೆ ಹಾಸಿ ಬಡಿಸಿ, ನೀರಿನ ಕಡೆ ತಿರುಗಿಸಿ ಇಡುತ್ತಿದ್ದಳು. ಯಾರಾದರೂ ಸಮಾಧಾನ ಹೇಳಲು ಹೋದರೆ ಒಂದೇ ಮಾತು.

"ಸತ್ತಿದ್ರೆ ತೋರ್ಸಿ. ಇಲ್ದಿದ್ರೆ ಅವನಿಗೆ ಹಸಿವಾಗಿರ್ತದೆ."

ಎರಡನೆಯ ದಿನ ಈ ಮಾತು ಕೇಳಲಾರದೆ ಚಂದ್ರಯ್ಯ ಬಾಯಿ ಬಿಟ್ಟಿದ್ದ. "ನಾನು ತಂದು ಕೊಡ್ತೀನಮ್ಮ," ಎಂದುಬಿಟ್ಟಿದ್ದ. ಆಡಿದ ಮಾತು ಒಡೆದ ಮುತ್ತು. ಇವತ್ತು ಬೆಳಿಗ್ಗೆ ದೋಣಿ ದಡ ಬಿಡುವಾಗ ಹುಲಿಯಮ್ಮ ಅದರಲ್ಲಿದ್ದ ಬೇರೆ ಯಾರನ್ನೂ ನೋಡಲಿಲ್ಲ, ಅವನೊಬ್ಬನನ್ನೇ ನೋಡಿದಳು.

ಚಂದ್ರಯ್ಯ ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಗೊನೆ, ಕೊಯ್ಯುವುದು ಅವನ ಕಸುಬು. ಅರವತ್ತು ಅಡಿ ಎತ್ತರದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ಹಾರುವವನು. ಸೀತಾರಾಮಪ್ಪ ಇಪ್ಪತ್ತು ವರ್ಷ ನೌಕಾಪಡೆಯಲ್ಲಿ ಮುಳುಗುಗಾರರಾಗಿದ್ದು ಸ್ವಂತ ಊರು ಸಾಗರಕ್ಕೆ ಮರಳಿದವರು. ಹಿನ್ನೀರಿನಲ್ಲಿ ವರ್ಷಾ ವರ್ಷ ಜನ ಮುಳುಗುವುದನ್ನು ನೋಡಲಾರದೆ, ಊರಿನವರಿಗೇ ಮುಳುಗುವ ವಿದ್ಯೆ ಕಲಿಸುತ್ತೇನೆಂದು ಶಿಬಿರ ತೆರೆದಿದ್ದರು. ಆಗ ಚಹಾದಂಗಡಿಯಲ್ಲಿ ಚಂದ್ರಯ್ಯನ ತೋಟದ ಜೊತೆಗಾರ ಹೂವಯ್ಯ ನಾಲ್ಕು ಜನರೆದುರು ಹೇಳಿದ್ದ: "ಎತ್ತರಕ್ಕೆ ಹೆದರದವ ಆಳಕ್ಕೆ ಹೆದರ್ತಾನಾ? ನಮ್ಮ ಚಂದ್ರಯ್ಯನ್ನ ಕಳ್ಸಿ."

ಚಂದ್ರಯ್ಯ ಹೆದರುತ್ತಿದ್ದ. ನಾಲ್ಕು ಜನರೆದುರು ಹಾಗೆನ್ನಲು ನಾಚಿಕೆಯಾಗಿ ಸೇರಿಕೊಂಡಿದ್ದ, ಅಷ್ಟೇ.

ಸೇರಿದವರು ಹನ್ನೊಂದು ಮಂದಿ. ಈಜು ಬಂದರೆ ಸಾಕು ಎಂದುಕೊಂಡವರು ಮೊದಲ ವಾರವೇ ಮನೆ ದಾರಿ ಹಿಡಿದರು. ಸೀತಾರಾಮಪ್ಪನ ಪಾಠ ಒಂದಾದ ಮೇಲೆ ಒಂದು ಬರುತ್ತಿತ್ತು. ಮುಖವಾಡದ ಗಾಜಿಗೆ ಮಸಿ ಬಳಿದುಕೊಂಡು ಕತ್ತಲ ನೀರಿನಲ್ಲಿ ಕೆಲಸ ಮಾಡುವುದು ಒಂದು. ಹಗ್ಗ ಹಿಡಿದು ಸುತ್ತು ಹಾಕುತ್ತಾ ಹುಡುಕುವುದು ಇನ್ನೊಂದು. ಆಮೇಲೆ ಆಳದ ಮುಳುಗು. ಎಲ್ಲಕ್ಕಿಂತ ಕೊನೆಗೆ ಸೂರಿನಡಿಯ ಮುಳುಗು, ಅಂದರೆ ತಲೆಯ ಮೇಲೆ ನೀರಲ್ಲದೆ ಬೇರೇನೋ ಇರುವ ಜಾಗಕ್ಕೆ ನುಗ್ಗಿ ಹೊರಬರುವುದು. ಇದರ ಅಭ್ಯಾಸಕ್ಕೆ ಹತ್ತಡಿ ನೀರಿನಲ್ಲಿ ಬಿದಿರಿನ ಹಂದರ ಕಟ್ಟಿ, ಟಾರ್ಪಾಲು ಹೊದಿಸಿದ್ದರು. ಅಲ್ಲಿಯವರೆಗೆ ಉಳಿದವರು ಇಬ್ಬರೇ. ಹೊಸನಗರದ ಹೈಸ್ಕೂಲಿನ ಆಟದ ಟೀಚರು ವಾಗ್ದೇವಿ ಒಂದೇ ಸಲಕ್ಕೆ ಒಳಹೊಕ್ಕು ಹೊರಬಂದಳು. ಚಂದ್ರಯ್ಯ ಮೂರು ಸಲ ಹೋದ. ಮೂರು ಸಲವೂ ಉಸಿರು ಕಟ್ಟಿದಂತಾಗಿ ಟಾರ್ಪಾಲು ಹರಿದುಕೊಂಡು ಮೇಲೆದ್ದ.

"ಟಾರ್ಪಾಲು ಹರೀಬೋದು ಚಂದ್ರಯ್ಯ," ಎಂದಿದ್ದರು ಸೀತಾರಾಮಪ್ಪ, "ಹಲಗೆ ಹರಿಯಕ್ಕೆ ಆಗಲ್ಲ."

ಇವತ್ತು ಬೆಳಿಗ್ಗೆ ಮೊದಲು ಇಳಿದವಳು ವಾಗ್ದೇವಿಯೇ. ಲಾಂಚನ್ನು ಹುಡುಕಿ, ಅದಕ್ಕೆ ಗುರುತಿನ ಹಗ್ಗವನ್ನೂ ಕಟ್ಟಿ ಬಂದಳು. ಆದರೆ ಮೇಲೆ ಬಂದಾಗ ಕಿವಿಯಿಂದ ರಕ್ತ ಸುರಿಯುತ್ತಿತ್ತು. ಸೀತಾರಾಮಪ್ಪನ ಕಿವಿ ಎಷ್ಟೋ ವರ್ಷದ ಹಿಂದೆಯೇ ಕೆಟ್ಟಿತ್ತು. ಉಳಿದವನು ಚಂದ್ರಯ್ಯನೊಬ್ಬನೇ.

"ಇಂಜಿನ್ ಕೋಣೆ ಬಾಗಿಲು ತೆರೆದಿದೆ," ಎಂದಳು ವಾಗ್ದೇವಿ, ಕಿವಿಗೆ ಬಟ್ಟೆ ಒತ್ತಿಕೊಂಡು. "ಒಂದೂವರೆ ಅಡಿ ಅಗಲ. ಒಳಗೆ ಕೆಸರು. ಕಾಲು ಬಡೀಬೇಡಿ, ಕೆಸರೆದ್ದರೆ ಏನೂ ಕಾಣಲ್ಲ."

ಸೀತಾರಾಮಪ್ಪ ಗಾಳಿಯ ಸಿಲಿಂಡರನ್ನು ಚಂದ್ರಯ್ಯನ ಬೆನ್ನಿಗೇರಿಸಿ, ಹಗ್ಗವನ್ನು ಸೊಂಟಕ್ಕೆ ಕಟ್ಟಿದರು. ಅದರ ಇನ್ನೊಂದು ತುದಿ ಹೂವಯ್ಯನ ಕೈಯಲ್ಲಿ. ಬೇರೆ ಯಾರು ಹಿಡಿದರೂ ಚಂದ್ರಯ್ಯ ಇಳಿಯುತ್ತಿರಲಿಲ್ಲ. ಹದಿನೈದು ವರ್ಷ ತೋಟದಲ್ಲಿ ಅವನ ಹಗ್ಗ ಹಿಡಿದವನು ಹೂವಯ್ಯನೇ. ಕೊನೆಗಾರ ಮರದ ತುದಿಯಿಂದ ಹಗ್ಗದ ಮೇಲೆ ಕೊನೆ ಜಾರಿಸುತ್ತಾನೆ, ಕೆಳಗಿನವನು ಹಗ್ಗ ಬಿಗಿ ಹಿಡಿದು ಅದನ್ನು ಇಳಿಸಿಕೊಳ್ಳುತ್ತಾನೆ. ಸೋಗೆಯ ಮರೆಯಲ್ಲಿ ಒಬ್ಬರಿಗೊಬ್ಬರು ಕಾಣುವುದಿಲ್ಲ. ಮಾತೆಲ್ಲ ಹಗ್ಗದಲ್ಲೇ.

"ಹೇಳು ಹೂವಯ್ಯ, ಎರಡು ಎಳೆದ್ರೆ?" ಎಂದು ಕೇಳಿದರು ಸೀತಾರಾಮಪ್ಪ.

"ಸಡಿಲ ಬಿಡೋದು."

"ಮೂರು?"

"ಬಿಗಿ ಮಾಡೋದು. ನಾಲ್ಕು ಎಳೆದ್ರೆ ಮ್ಯಾಲೆ ಎಳ್ಕೊಳ್ಳೋದು. ಎಷ್ಟು ಸಲ ಕೇಳ್ತೀರಿ ಸ್ವಾಮಿ, ನಾನೇನು ಒಂದನೇ ಕ್ಲಾಸಾ?"

"ಚಂದ್ರಯ್ಯ, ಸೂರಿನಡಿ ಇದ್ದಾಗ ನಾಲ್ಕು ಎಳೀಬೇಡ. ಹಗ್ಗ ಎಲ್ಲಾದ್ರೂ ಸುತ್ತಿದ್ರೆ ನಿನ್ನನ್ನ ಅಲ್ಲಿಗೇ ಬಿಗಿದು ಹಾಕ್ತದೆ."

ಚಂದ್ರಯ್ಯ ಸೊಂಟದ ಗಂಟನ್ನು ಇನ್ನೊಮ್ಮೆ ಜಗ್ಗಿ ನೋಡಿದ. ಹೂವಯ್ಯ ಅವನ ಬೆನ್ನು ತಟ್ಟಿದ. "ನೀರಿಗಿಳಿದ ಮೇಲೆ ಮಳೆಯೇನು, ಚಳಿಯೇನು. ಹೋಗಿ ಬಾ ಮಾರಾಯ. ನಾನಿಲ್ವಾ?"

ಅವನು ಇಳಿದ.

ಮೊದಲ ಹದಿನೈದು ಅಡಿ ನೀರು ಹಸಿರಾಗಿತ್ತು, ಬೆಚ್ಚಗಿತ್ತು. ಅಲ್ಲಿಂದ ಕೆಳಗೆ ತಣ್ಣೀರು ಮೈಗೆ ಹತ್ತಿತು, ಬೆಳಕು ಕಂದಾಯಿತು. ಗುರುತಿನ ಹಗ್ಗ ಹಿಡಿದು ಇಳಿಯುತ್ತಿದ್ದವನ ಎರಡೂ ಕಡೆ ಮುಳುಗಡೆಯಾದ ಕಾಡು ನಿಂತಿತ್ತು. ಇಪ್ಪತ್ತು ವರ್ಷದಿಂದ ನೀರಿನಲ್ಲಿದ್ದರೂ ಕೊಳೆಯದ ಮರಗಳು. ಎಲೆಯಿಲ್ಲ, ತೊಗಟೆಯಿಲ್ಲ, ಬರೀ ಬೋಳು ಕೊಂಬೆಗಳು. ಹರಿದ ಬಲೆಯೊಂದು ಕೊಂಬೆಗೆ ಸಿಕ್ಕಿಕೊಂಡು ಮೆಲ್ಲಗೆ ಅಲ್ಲಾಡುತ್ತಿತ್ತು. ಯಾರದೋ ಗದ್ದೆಯ ಅಂಚಿನ ಕಲ್ಲುಕಟ್ಟೆ ನೆಟ್ಟಗೆ ಹಾಗೇ ಇತ್ತು, ಯಜಮಾನ ನಿನ್ನೆ ತಾನೇ ಕಟ್ಟಿ ಹೋದಂತೆ. ಮರವೆಂದರೆ ಚಂದ್ರಯ್ಯನಿಗೆ ಮನೆಯಿದ್ದ ಹಾಗೆ. ಆದರೆ ಈ ಮರಗಳ ನಡುವೆ ತುದಿಯಿಂದ ಬುಡಕ್ಕೆ ಇಳಿದುಹೋಗುವಾಗ ಅವನಿಗೆ ಅಳು ಬರುವಷ್ಟು ಹೆದರಿಕೆಯಾಯಿತು.

ಲಾಂಚು ಕಂಡಿತು. ಅಡಿ ಮೇಲಾಗಿ ಕವುಚಿ ಬಿದ್ದಿತ್ತು. ಬಾಗಿಲು ಕಪ್ಪಗೆ ಬಾಯಿ ತೆರೆದಿತ್ತು.

ಅವನು ಟಾರ್ಚು ಹಚ್ಚಿದ. ಸೈಕಲ್ ಟ್ಯೂಬು ಸುತ್ತಿ ನೀರು ಹೋಗದಂತೆ ಮಾಡಿದ್ದ ಟಾರ್ಚು. ಹೆಗಲ ಸಿಲಿಂಡರು ಚೌಕಟ್ಟಿಗೆ ತಗಲಿ ಢಣ್ ಎಂದಿತು. ಒಳಗೆ ನುಗ್ಗಿದ.

ಕೈಯಿಂದ ತಡಕಾಡಿದ. ಡಬ್ಬಿ. ಹಲಗೆ. ಒಂದು ಚಪ್ಪಲಿ. ಇಂಜಿನ್ನಿನ ಮೂಲೆಯವರೆಗೆ ತಡಕಿದರೂ ಜಟ್ಟಿಂಗಪ್ಪ ಇಲ್ಲ. ಒಂದು ಕ್ಷಣ ಚಂದ್ರಯ್ಯನಿಗೆ ಸಮಾಧಾನವೇ ಆಯಿತು. ಇಲ್ಲ ಎಂದು ಹೇಳಿ ಹೋಗಿಬಿಡಬಹುದು!

ಆಗ ಹಿಂದಿನಿಂದ ಏನೋ ಅವನ ಕತ್ತನ್ನು ಮೆತ್ತಗೆ ಮುಟ್ಟಿತು.

ಕಿರುಚಿದ, ಕಿರುಚಾಟ ಗುಳ್ಳೆಯಾಗಿ ಹೋಯಿತು. ತಿರುಗಿ ಟಾರ್ಚು ಎತ್ತಿದ. ಸೂರಿಗೆ ಒತ್ತಿಕೊಂಡು ಜಟ್ಟಿಂಗಪ್ಪ ತೇಲುತ್ತಿದ್ದ. ಒಂದು ಕೈ ಕೆಳಗೆ ಇಳಿಬಿದ್ದಿತ್ತು. ಆ ಕೈಯೇ ಮುಟ್ಟಿದ್ದು.

ಚಂದ್ರಯ್ಯ ಮುಖ ನೋಡಲಿಲ್ಲ. ಮಣಿಕಟ್ಟಿಗೆ ಸಿಕ್ಕಿಸಿಕೊಂಡಿದ್ದ ಹುರಿಯ ಸುರುಳಿ ಬಿಚ್ಚಿ, ಸತ್ತವನ ಬೆಲ್ಟಿಗೆ ಗಂಟು ಹಾಕಿದ. ಹುರಿಯ ಇನ್ನೊಂದು ತುದಿಯಲ್ಲಿ ಬಾಯಿ ಮುಚ್ಚಿದ ಖಾಲಿ ಸೀಮೆಎಣ್ಣೆ ಡಬ್ಬಿ. ಬರುವಾಗ ಅದನ್ನು ಬಾಗಿಲ ಹೊರಗಿನ ಕೊಕ್ಕೆಗೆ ಸಿಕ್ಕಿಸಿ ಬಂದಿದ್ದ. ಹೊರಗೆ ಹೋಗಿ ಕೊಕ್ಕೆ ಬಿಡಿಸಿದರೆ ಡಬ್ಬಿ ಮೇಲೇಳುತ್ತದೆ, ದೋಣಿಯವರು ಹುರಿ ಎಳೆದುಕೊಳ್ಳುತ್ತಾರೆ. ಇಷ್ಟೇ ಕೆಲಸ.

ಗಂಟು ಬಿಗಿದು ಹಿಂದೆ ಸರಿಯುವಾಗ ಗಾಬರಿಯಲ್ಲಿ ಕಾಲು ಬಡಿದ. ಕೆಸರು ಎದ್ದಿತು. ಟಾರ್ಚಿನ ಬೆಳಕು ಕಾಫಿಗೆ ಅದ್ದಿದಂತಾಗಿ ನಂದಿಯೇಹೋಯಿತು. ಹುರಿಯನ್ನು ಹಿಡಿದು ಬಾಗಿಲಿಗೆ ಹೋಗೋಣವೆಂದು ಕೈ ಚಾಚಿ ತಡವಿದ. ಹುರಿ ಸಿಗಲಿಲ್ಲ, ಕಾಲು ಬಡಿದಾಗ ಕೈಯಿಂದ ಜಾರಿಹೋಗಿತ್ತು.

ಹೆದರಬೇಡ. ಸೊಂಟದ ಹಗ್ಗ ಇದೆ. ಬಿಗಿಯಾದ ಹಗ್ಗ ಬಾಗಿಲ ಕಡೆಗೇ ದಾರಿ ತೋರಿಸುತ್ತದೆ.

ಹಗ್ಗವನ್ನು ಮೂರು ಸಲ ಎಳೆದ.

ಹಗ್ಗ ಬಿಗಿಯಲಿಲ್ಲ. ಇನ್ನಷ್ಟು ಸಡಿಲವಾಗಿ ಒಳಗೆ ಬಂತು. ಸುರುಳಿ ಸುರುಳಿಯಾಗಿ ಎದೆಗೆ, ತೋಳಿಗೆ ಸುತ್ತಿಕೊಂಡಿತು. ಮತ್ತೆ ಮೂರು ಎಳೆದ. ಮತ್ತೆ ಸಡಿಲ. ಕತ್ತಲಲ್ಲಿ ಹಗ್ಗ ಎಲ್ಲ ಕಡೆಯಿಂದಲೂ ಕೈಗೆ ಸಿಗುತ್ತಿತ್ತು, ಯಾವ ಕಡೆಗೂ ದಾರಿ ಹೇಳುತ್ತಿರಲಿಲ್ಲ.

ಉಸಿರು ಬಿಗಿಯಾಯಿತು. ನಳಿಕೆಯಿಂದ ಗಾಳಿ ಬರುತ್ತಿಲ್ಲ! ಬೆನ್ನ ಹಿಂದೆ ಕೈ ಹಾಕಿ, ಮೀಸಲು ಗಾಳಿ ತೆರೆಯುವ ರಿಸರ್ವ್ ಕಡ್ಡಿಯನ್ನು ಕೆಳಗೆಳೆದ. ಗಾಳಿ ಬಂತು. ಈ ಆಳದಲ್ಲಿ ಅದು ನಾಲ್ಕು ನಿಮಿಷ ಬಂದರೆ ಹೆಚ್ಚು. ಆಮೇಲೆ ಎಳೆಯಲು ಇನ್ನೊಂದು ಕಡ್ಡಿಯಿಲ್ಲ.

ತಲೆ ಮೇಲಿನ ಹಲಗೆಗೆ ಎರಡೂ ಕೈಯಿಂದ ಗುದ್ದಿದ. ಟಾರ್ಪಾಲು ಹರಿದ ಹಾಗೆ ಹರಿದುಬಿಡುತ್ತೇನೆಂದು ಗುದ್ದಿದ. ಬೆರಳ ಗೆಣ್ಣು ಒಡೆಯಿತು. ಹಲಗೆ ಹಲಗೆಯೇ. ಇಲ್ಲೇ, ಜಟ್ಟಿಂಗಪ್ಪನ ಪಕ್ಕದಲ್ಲೇ ತಾನೂ ಉಳಿಯುವುದು. ನಾಳೆಯಿಂದ ದಡದಲ್ಲಿ ಎರಡು ಎಲೆ. ಈ ಹೂವಯ್ಯನಿಗೆ ಏನು ಬಂದಿದೆ ದೊಡ್ಡರೋಗ? ಮೂರು ಎಳೆದರೆ ಸಡಿಲ ಬಿಡುತ್ತಾನಲ್ಲ!

ಬೈಯುತ್ತಿದ್ದ ಹಾಗೆಯೇ ಹೊಳೆಯಿತು.

ತೋಟದಲ್ಲಿ ಮೂರು ಎಳೆತವೆಂದರೆ, 'ಪಕ್ಕದ ಮರಕ್ಕೆ ಹಾರುತ್ತೇನೆ, ಸಡಿಲ ಬಿಡು.' ಹದಿನೈದು ವರ್ಷ ಹಾಗೆ ಎಳೆದವನು ತಾನೇ, ಹಾಗೆ ಬಿಟ್ಟವನು ಅವನೇ. ದಡದ ಹತ್ತಿರ ಅಭ್ಯಾಸ ಮಾಡುವಾಗ ಹೂವಯ್ಯ ಬಾಯಿಪಾಠ ಒಪ್ಪಿಸಿದ್ದ. ಈಗ ಮೇಲೆ ಅವನಿಗೂ ಕೈ ನಡುಗುತ್ತಿರಬೇಕು, ನಡುಗುವ ಕೈಗೆ ಬಾಯಿಪಾಠ ನೆನಪಿರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಹಾಗಾದರೆ ಕೈಗೆ ಗೊತ್ತಿರುವುದನ್ನೇ ಹೇಳಬೇಕು.

ಚಂದ್ರಯ್ಯ ಹಗ್ಗವನ್ನು ಒಳಗೆ ಎಳೆದುಕೊಂಡ. ಮೊಳ, ಮತ್ತೆ ಮೊಳ. ಕೊನೆಗೆ ಆ ತುದಿಯ ಭಾರ ಕೈಗೆ ಸಿಕ್ಕಿತು. ಆಗ ಒಂದೇ ಒಂದು ಉದ್ದನೆಯ ಎಳೆತ ಎಳೆದ. ಅದರ ಬೆನ್ನಿಗೇ ಹಗ್ಗವನ್ನು ಗಲಗಲ ಅಲ್ಲಾಡಿಸಿದ. ತೋಟದ ಮಾತಿನಲ್ಲಿ, ಕೊನೆ ಬರುತ್ತಿದೆ, ಬಿಗಿ ಹಿಡಿ!

ಹಗ್ಗ ಎದ್ದು ನಿಂತಿತು. ಸುರುಳಿಗಳು ಮೈಮೇಲಿನಿಂದ ಸರಸರ ಸರಿದವು. ಕಾಲಿಗೆ ಸಿಕ್ಕಿದ್ದ ಒಂದನ್ನು ಬಿಡಿಸಿಕೊಂಡ. ಹಗ್ಗ ತಂತಿಯಂತೆ ಬಿಗಿದು ಎಡಗಡೆ ತೋರಿಸಿತು. ಯಾರಾದರೂ ಕೇಳಿದ್ದರೆ ಬಾಗಿಲು ಬಲಕ್ಕಿದೆಯೆಂದು ಅವನು ಆಣೆ ಮಾಡಿ ಹೇಳುತ್ತಿದ್ದ!

ಕೈಗೆ ಕೈ ಹಾಕಿ ಸರಿದ. ಚೌಕಟ್ಟು ಸಿಕ್ಕಿತು. ಸಿಲಿಂಡರು ಮತ್ತೆ ಢಣ್ ಎಂದಿತು. ಹೊರಗೆ!

ಉಸಿರು ಎಳೆದರೆ ಈಗ ಅರ್ಧವೇ ಬರುತ್ತಿತ್ತು. ಬಿಟ್ಟು ಓಡು ಎಂದಿತು ಮೈ. ಅವನು ಕೊಕ್ಕೆ ತಡಕಿದ. ಡಬ್ಬಿ ಬಿಡಿಸಿದ. ಡಬ್ಬಿ ಹುರಿಯನ್ನು ಎಳೆದುಕೊಂಡು ಮೇಲಕ್ಕೆ ಹಾರಿತು. ಅದರ ಹಿಂದೆಯೇ, ಗುಳ್ಳೆಗಿಂತ ಬೇಗ ಏಳಬೇಡ ಎಂಬ ಪಾಠವನ್ನು ಹಲ್ಲು ಕಚ್ಚಿ ನೆನಪಿಟ್ಟುಕೊಂಡು, ಗಾಳಿ ಹೊರಬಿಡುತ್ತಾ ಬಿಡುತ್ತಾ ಚಂದ್ರಯ್ಯ ಎದ್ದ. ಕೊನೆಯ ಹತ್ತಡಿಗೆ ಎಳೆಯಲು ಉಸಿರೇ ಇರಲಿಲ್ಲ.

ತಲೆ ಹೊರಗೆ ಬಂದಾಗ ಮಳೆ ಹೊಯ್ಯುತ್ತಿತ್ತು. ಸೀತಾರಾಮಪ್ಪ ಮತ್ತು ವಾಗ್ದೇವಿ ಅವನನ್ನು ದೋಣಿಗೆ ಎತ್ತಿಹಾಕಿದರು. ಹೂವಯ್ಯ ಮಾತ್ರ ಕದಲಲಿಲ್ಲ. ಎರಡು ಕಾಲನ್ನೂ ದೋಣಿಯ ಅಂಚಿಗೆ ಕೊಟ್ಟು, ಹಿಂದಕ್ಕೆ ವಾಲಿ, ಇನ್ನೂ ಹಗ್ಗ ಹಿಡಿದೇ ಇದ್ದ.

"ಬಿಡು ಹೂವಯ್ಯ, ಬಂದ್ನಲ್ಲ," ಎಂದಳು ವಾಗ್ದೇವಿ.

ಮೂರು ಜನ ಸೇರಿ ಹುರಿ ಎಳೆದರು. ಅದು ಒಮ್ಮೆ ಬಾಗಿಲಿಗೆ ತಡೆಯಿತು, ಆಮೇಲೆ ಬಂತು.

ದಡದಲ್ಲಿ ಹುಲಿಯಮ್ಮ ಕಂಬಳಿಯ ಅಂಚು ಸರಿಸಿ ಮಗನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ನೀರಿನ ಕಡೆ ಮುಖ ಮಾಡಿಟ್ಟಿದ್ದ ಎಲೆಯ ಹತ್ತಿರ ಹೋಗಿ, ಮಳೆಯಲ್ಲಿ ನೆನೆದ ಅನ್ನದ ಮೇಲೆ ಅದನ್ನು ಮಡಚಿದಳು. ಅಷ್ಟಾದ ಮೇಲೇ ಅವಳಿಗೆ ಅಳು ಬಂದದ್ದು. ಅಳುತ್ತಲೇ ಚಂದ್ರಯ್ಯನ ಒಡೆದ ಗೆಣ್ಣುಗಳನ್ನು ತನ್ನ ಸೆರಗಿನಿಂದ ಒರೆಸಿದಳು.

ಸಂಜೆ ಶಿಬಿರದ ಗುಡಾರದಲ್ಲಿ ಹೂವಯ್ಯ ತಲೆ ತಗ್ಗಿಸಿ ಕೂತಿದ್ದ. "ಎರಡು ಸಲನೂ ಬಿಟ್ಟೆ ಮಾರಾಯ. ನಿನ್ನ ಕೊಂದೇಬಿಡ್ತಿದ್ದೆ."

"ಬಿಟ್ಟೆ. ಆಮೇಲೆ ಹಿಡಿದೆ," ಎಂದ ಚಂದ್ರಯ್ಯ. ಅವನ ಎರಡೂ ಕೈಗೆ ಬಟ್ಟೆ ಸುತ್ತಿದ್ದರಿಂದ ಚಹಾದ ಲೋಟವನ್ನು ಹೂವಯ್ಯನೇ ಹಿಡಿದು ಕುಡಿಸಬೇಕಾಯಿತು.

ಸೀತಾರಾಮಪ್ಪ ಇಬ್ಬರನ್ನೂ ಬೈಯಲಿಲ್ಲ. ತಪ್ಪಿನಲ್ಲಿ ತಮ್ಮ ಪಾಲೂ ಇದೆಯೆಂದು ಅವರಿಗೆ ಗೊತ್ತಿತ್ತು. ಎದ್ದು ಹೋಗಿ, ಕರಿಹಲಗೆಯಲ್ಲಿ ತಾವೇ ಬರೆದಿದ್ದ ಸಂಜ್ಞೆಗಳ ಪೈಕಿ ಮೂರನೆಯದನ್ನು ಅಂಗೈಯಿಂದ ಒರೆಸಿದರು. ಆ ಜಾಗದಲ್ಲಿ ಬರೆದರು: 'ಬಿಗಿ ಹಿಡಿ – ಒಂದು ಉದ್ದ ಎಳೆತ, ಗಲಗಲ ಅಲ್ಲಾಟ.'

"ಇನ್ನು ಮೇಲೆ ಇಲ್ಲಿ ಇದೇ," ಎಂದರು. "ಚಂದ್ರಯ್ಯ, ಹರಿದ ಟಾರ್ಪಾಲಿಗೆ ತೇಪೆ ಹಾಕ್ಸಿದೀನಿ. ಸೂರಿನಡಿ ಪರೀಕ್ಷೆ ನಿಂದು ಇನ್ನೂ ಬಾಕಿ. ನಾಳೆ ಬೆಳಿಗ್ಗೆ ಏಳಕ್ಕೆ ಬಾ."

"ಇವತ್ತು ಹೋಗಿ ಬಂದಿದ್ದು ಎಂತ ಮತ್ತೆ?" ಎಂದು ಹೂವಯ್ಯ ರೇಗಿದ.

ರಾತ್ರಿಯೆಲ್ಲ ಚಂದ್ರಯ್ಯನ ಕತ್ತಿಗೆ ಆ ಕೈ ತಗಲುತ್ತಲೇ ಇತ್ತು. ಬೆಳಿಗ್ಗೆಯೂ ಹೆದರಿಕೆ ಇದ್ದಲ್ಲೇ ಇತ್ತು. ಏಳು ಗಂಟೆಗೆ ಅವನು ನೀರಿಗಿಳಿದ, ಹಂದರದ ಒಳಗೆ ಹೋದ. ಟಾರ್ಪಾಲು ಹರಿಯಲಿಲ್ಲ.